ಮೂಲತಃ ಸಿಂದಗಿಯವರು

ಇಂದುಬಾಯಿ ಸುಳ್ಳು ಹೇಳಿರಲಿಲ್ಲ. ಸಿದ್ದಾರೂಢ ಮಾಸ್ತರರಿಗೆ ಅಷ್ಟು ಸಿಟ್ಟು ಬಂದದ್ದು ಅದಕ್ಕೇ. ಸುಳ್ಳಾಗಿದ್ದರೆ ಅಲ್ಲಗಳೆದು ಚಹಾ ಕುಡಿಯಬಹುದಿತ್ತು.

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಮಾಸ್ತರರು ಸಿಂದಗಿ ಬಸ್‌ಸ್ಟ್ಯಾಂಡಿಗೆ ಪೇಪರು ತರಲು ಹೋಗಿದ್ದರು. ಮನೆಗೇ ಹಾಕಿಸಿಕೊಳ್ಳಬಹುದಿತ್ತು. ಆದರೆ ಅವರ ಗಲ್ಲಿಗೆ ಬರುವ ಪೇಪರುಗಳೆಲ್ಲ ಮೊದಲು ಬಂದಗಿಸಾಬನ ಟೇಲರ್ ಅಂಗಡಿಯಲ್ಲಿ ಇಳಿಯುತ್ತಿದ್ದವು. ಅಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಕುಳಿತವರು ಹೊತ್ತು ಹೋಗದೆ ಪದಬಂಧದ ಚೌಕಗಳಲ್ಲಿ ಕೈಯಾಡಿಸುತ್ತಿದ್ದರು. ಅದೂ ಪೆನ್ನಿನಿಂದ. ಅದೂ ತಪ್ಪು. ಮೂರಕ್ಷರದ ಜಾಗದಲ್ಲಿ ನಾಲ್ಕಕ್ಷರದ ಶಬ್ದವನ್ನು, ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವನು ‘ತುಸು ಸರೀರಿ’ ಅಂತ ಕೂತಂತೆ, ಒತ್ತಿ ಕೂಡಿಸಿರುತ್ತಿದ್ದರು. ಪಿಯು ಕಾಲೇಜಿನಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ರಸಾಯನಶಾಸ್ತ್ರ ಕಲಿಸುತ್ತಿರುವ ಮನುಷ್ಯನಿಗೆ ಇದು ಸಹಿಸುವಂಥದ್ದಲ್ಲ.

ಪೇಪರು ಮಡಚಿ ಬಗಲಲ್ಲಿ ಹಿಡಿದು ಮರಳಿ ಬಂದಾಗ ಎದುರುಮನೆಯ ಇಂದುಬಾಯಿ ಕಟ್ಟೆಯ ಮೇಲೆ ಮೆಂತ್ಯಪಲ್ಲೆ ಸೋಸುತ್ತ ಕುಳಿತಿದ್ದಳು.

“ಪೊಲೀಸರು ಬಂದಿದ್ರು ಮಾಸ್ತರ್ರ, ನಿಮ್ಮ ಪಾಸ್‌ಪೋರ್ಟಿನ ಚೌಕಶಿಗೆ. ಈ ಊರವ್ರೇನು ಅಂತ ಕೇಳಿದ್ರು. ಅಲ್ರಿ, ಬಾಗೇವಾಡಿಯವ್ರು, ಭಾಳ ಛಲೋ ಮಂದಿ ಅಂತ ಹೇಳಿ ಸಹಿ ಮಾಡೇನಿ. ಸಂಜಿಮುಂದ ಐದಕ್ಕ ಮತ್ತ ಬರ್ತಾರಂತ.”

‘ಭಾಳ ಛಲೋ ಮಂದಿ’ ಎಂಬುದು ಮಾಸ್ತರರ ಕಿವಿಗೆ ಬೀಳಲೇ ಇಲ್ಲ. ಅವರು ನಿಂತಲ್ಲೇ ನಿಂತರು.

ಇಪ್ಪತ್ತನಾಲ್ಕು ವರ್ಷ. ಈ ಗಲ್ಲಿಯ ಚರಂಡಿ ಕಟ್ಟಿಕೊಂಡಾಗಲೆಲ್ಲ ಪುರಸಭೆಗೆ ಅರ್ಜಿ ಬರೆದವರು ಅವರು. ಇಂದುಬಾಯಿಯ ಮಗ ಪಿಯುಸಿಯಲ್ಲಿ ರಸಾಯನಶಾಸ್ತ್ರ ಪಾಸಾದದ್ದು ಅವರ ಪಡಸಾಲೆಯಲ್ಲಿ ಕುಳಿತು. ಊರಿನ ಔಷಧ ಅಂಗಡಿಗಳಲ್ಲಿ ನಿಂತವರಲ್ಲಿ ಅರ್ಧ ಮಂದಿ ಅವರ ಕೈಯಲ್ಲಿ ಆವರ್ತ ಕೋಷ್ಟಕ ಬಾಯಿಪಾಠ ಮಾಡಿದವರು. ಇಷ್ಟಾದರೂ ಐವತ್ತು ಕಿಲೋಮೀಟರು ಆಚೆಗಿನ, ಅದೇ ಜಿಲ್ಲೆಯ ಬಸವನ ಬಾಗೇವಾಡಿ ಅವರ ಬೆನ್ನು ಬಿಟ್ಟಿರಲಿಲ್ಲ. ಈ ಕಡೆ ಅದೊಂದು ರೂಢಿ. ತೊಂಬತ್ತು ವರ್ಷ ಸಿಂದಗಿಯಲ್ಲೇ ಬಾಳಿ ಸತ್ತವನ ಮಣ್ಣಿಗೆ ಬಂದವರೂ ಕೈಕಾಲು ತೊಳೆದುಕೊಳ್ಳುತ್ತ ‘ಇವ್ರು ಮೂಲ ಆಲಮೇಲ ಕಡಿಯವ್ರು’ ಅಂತ ಒಂದು ಮಾತು ಹೇಳಿಯೇ ಹೋಗುತ್ತಾರೆ.

ಬೇರೆ ದಿನವಾಗಿದ್ದರೆ ಮಾಸ್ತರರು ನುಂಗಿಕೊಳ್ಳುತ್ತಿದ್ದರೋ ಏನೋ. ಇವತ್ತು ನುಂಗುವಂತಿರಲಿಲ್ಲ. ಪಾಸ್‌ಪೋರ್ಟಿನ ಹಿಂದೆ ಅವರ ಮೂವತ್ತು ವರ್ಷದ ಬದುಕಿತ್ತು.

ಮೂವತ್ತು ವರ್ಷದಿಂದ ಅವರು ಪದಬಂಧ ಬಿಡಿಸುತ್ತಿದ್ದರು. ಯಾರನ್ನೂ ಕೇಳದೆ, ಕೋಶ ತೆರೆಯದೆ. ಅದಕ್ಕೆ ಇಡೀ ಸಿಂದಗಿಯಲ್ಲಿ ಮೂರು ಕಾಸಿನ ಕಿಮ್ಮತ್ತು ಇರಲಿಲ್ಲ. ಕ್ರಿಕೆಟ್ ನೋಡುವವನಿಗೆ ಹವ್ಯಾಸ ಇದೆ ಅನ್ನುತ್ತಿದ್ದ ಸ್ಟಾಫ್ ರೂಮು, ಮಾಸ್ತರರಿಗೆ ಕೆಲಸ ಇಲ್ಲ ಅನ್ನುತ್ತಿತ್ತು. ಹೀಗಿರುವಾಗ ಹೋದ ವರ್ಷ ಮೊಬೈಲಿನಲ್ಲಿ ಮಸ್ಕತ್ತಿನ ಕನ್ನಡದವರ ಒಂದು ಬಳಗ ಕಣ್ಣಿಗೆ ಬಿತ್ತು. ಅವರು ವಾರಕ್ಕೊಂದು ಪದಬಂಧ ಹಾಕುತ್ತಿದ್ದರು. ರಚಿಸುತ್ತಿದ್ದವಳು ತರನ್ನುಮ ಎಂಬ ಹೆಣ್ಣುಮಗಳು. ಇದೇ ಜಿಲ್ಲೆಯ ಇಂಡಿ ಊರಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಹತ್ತೊಂಬತ್ತು ವರ್ಷದ ಹಿಂದೆ ಆ ದೇಶಕ್ಕೆ ಹೋದವಳು. ಅವಳ ಚೌಕಗಳಲ್ಲಿ ಮರುಭೂಮಿಯೂ ಇರಲಿಲ್ಲ, ಸಮುದ್ರವೂ ಇರಲಿಲ್ಲ. ‘ರೊಟ್ಟಿ ಬೇಯಿಸುವ ಮುನ್ನ ಇದರ ಮೇಲೆ ಬಡಿಯಬೇಕು’, ‘ಎತ್ತಿನ ಕೊರಳಲ್ಲಿ ದೂರಕ್ಕೇ ಕೇಳುವುದು’, ‘ಮಳೆ ಬಂದರೆ ಕಾಲಿಗೆ ಅಂಟಿ ಬಿಡದ ನೆಲ’. ಊರು ಬಿಟ್ಟವರ ಪದಬಂಧದಲ್ಲಿ ಊರೊಂದನ್ನು ಬಿಟ್ಟು ಬೇರೇನೂ ಇರುವುದಿಲ್ಲ ಎಂದು ಮಾಸ್ತರರು ಕಂಡುಕೊಂಡರು. ಬೆಂಗಳೂರಿನ ಪೇಪರಿನವರು ಅವರಿಗೆ ಮೂವತ್ತು ವರ್ಷ ಕೇಳದೇ ಇದ್ದ ಶಬ್ದಗಳನ್ನೆಲ್ಲ ಇವಳು ಸಮುದ್ರದಾಚೆಯಿಂದ ಕೇಳುತ್ತಿದ್ದಳು.

ನಲವತ್ತು ವಾರ ಆದಮೇಲೆ ಸಾವಿರದ ನೂರು ಮಂದಿಯಲ್ಲಿ ಮಾಸ್ತರರು ಮೂರನೆಯವರು. ಮೊದಲ ಎಂಟು ಮಂದಿಗೆ ಮಸ್ಕತ್ತಿನಲ್ಲಿ ಕೊನೆಯ ಸುತ್ತು: ವೇದಿಕೆ, ಗೋಡೆಯಷ್ಟು ದೊಡ್ಡ ಪದಬಂಧ, ಎದುರಿಗೆ ಆರುನೂರು ಜನ. ಹೋಗಿಬರುವ ಟಿಕೆಟು ಬಳಗದ್ದೇ. ಒಂದೇ ಷರತ್ತು: ವೀಸಾಕ್ಕಾಗಿ ಬರುವ ಗುರುವಾರದೊಳಗೆ ಪಾಸ್‌ಪೋರ್ಟ್ ನಂಬರು ಕಳಿಸಬೇಕು. ಇಲ್ಲವಾದರೆ ಒಂಬತ್ತನೆಯವನಿಗೆ ಜಾಗ. ಪಾಸ್‌ಪೋರ್ಟಿಗೆ ಉಳಿದಿದ್ದದ್ದು ಪೊಲೀಸರ ವರದಿ ಒಂದೇ.

ಆ ವರದಿಯಲ್ಲಿ ಈಗ ಇಂದುಬಾಯಿ ಅವರನ್ನು ಪರಊರವನನ್ನಾಗಿ ಮಾಡಿ ಕೂರಿಸಿದ್ದಳು.

ಮಾಸ್ತರರು ಕಟ್ಟೆಯ ಮುಂದೆ ನಿಂತು ಕಾಲು ತಾಸು ಮಾತಾಡಿದರು. ವಲಸೆ ಎಂದರೇನು, ವಾಸ ಎಂದರೇನು, ಮತದಾರರ ಪಟ್ಟಿ ಎಂದರೇನು ಎಲ್ಲ ವಿವರಿಸಿದರು. ಮನೆ ತೆರಿಗೆಯ ಪಾವತಿ ತಂದು ತೋರಿಸಿದರು. ಇಂದುಬಾಯಿ ಕೈಯಲ್ಲಿ ಮೆಂತ್ಯದ ಕಡ್ಡಿ ಹಿಡಿದು ಗೋಣು ಹಾಕುತ್ತಿದ್ದಳು. ಸಂಜೆಗೆ ಪೊಲೀಸಪ್ಪ ಬಂದಾಗ ಇವರು ಈ ಊರಿನವರೇ ಎಂದು ತಿದ್ದಿ ಹೇಳಬೇಕು ಎಂದು ಮಾತು ತೆಗೆದುಕೊಂಡೇ ಮಾಸ್ತರರು ಒಳಗೆ ಬಂದರು.

ಹೆಂಡತಿ ಭುವನೇಶ್ವರಿ ಎಲ್ಲ ಕೇಳಿಸಿಕೊಂಡಿದ್ದಳು. “ಅಕ್ಕಾರು ಏನು ತಪ್ಪು ಹೇಳ್ಯಾರ್ರಿ? ಸುಮ್ಮ ಕೂಡ್ರಿ. ಐದಕ್ಕ ಬರ್ತಾನ, ಸಹಿ ತಗೊಂಡು ಹೋಗ್ತಾನ.”

“ನಿನಗ ತಿಳಿಯೂದಿಲ್ಲ. ಒಂದು ಚೌಕದಾಗ ತಪ್ಪು ಅಕ್ಷರ ಬಿತ್ತಂದ್ರ ಸುತ್ತಲಿನವು ನಾಕೂ ಕೆಡ್ತಾವು.”

ಭುವನೇಶ್ವರಿ ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದಳು. ಪದಬಂಧದ ಹೋಲಿಕೆ ಬಂದಮೇಲೆ ವಾದ ಮುಂದುವರಿಯುವುದಿಲ್ಲ ಎಂದು ಗೊತ್ತಿದ್ದು ರೊಟ್ಟಿ ಕಟ್ಟಿಕೊಟ್ಟಳು.

ಮಾಸ್ತರರು ಕಾಲೇಜಿಗೆ ಸಿಎಲ್ ಹಾಕಿದರು. ಸಿಟ್ಟಿಗಾಗಿ ಹಾಕಿದ ಮೊದಲ ಸಿಎಲ್ ಅದು. ಆಮೇಲೆ ಮೇಜಿನ ಮುಂದೆ ಕುಳಿತು, ಸಾಕ್ಷಿಯೊಬ್ಬರು ಸಹಿ ಮಾಡಲು ಬರುವಂತೆ ಒಂದು ಹೇಳಿಕೆ ಬರೆದರು: ‘ಶ್ರೀ ಸಿದ್ದಾರೂಢ ಇವರು ಮೂಲತಃ ಸಿಂದಗಿಯವರೇ ಇರುತ್ತಾರೆ.’

ಮೂಲತಃ ಎನ್ನುವಲ್ಲಿ ಪೆನ್ನು ತುಸು ತಡೆಯಿತು. ಮಾಸ್ತರರು ಸುಳ್ಳು ಬರೆಯುವ ಪೈಕಿ ಅಲ್ಲ. ಅವರು ವಿಜ್ಞಾನದ ರೀತಿಯಲ್ಲಿ ವಿಚಾರ ಮಾಡಿದರು. ರಕ್ತದ ಕೆಂಪು ಕಣ ನಾಲ್ಕು ತಿಂಗಳಿಗೆ ಸಾಯುತ್ತದೆ, ಹೊಸದು ಹುಟ್ಟುತ್ತದೆ. ಚರ್ಮದ ಮೇಲ್ಪದರ ತಿಂಗಳಿಗೊಮ್ಮೆ ಬದಲಾಗುತ್ತದೆ. ಎಲುಬು ಕೂಡ ಹತ್ತು ವರ್ಷಕ್ಕೆ ಹೆಚ್ಚುಕಡಿಮೆ ಹೊಸದೇ. ಇಪ್ಪತ್ತನಾಲ್ಕು ವರ್ಷ ಸಿಂದಗಿಯ ನೀರು, ಸಿಂದಗಿಯ ಜೋಳ, ಸಿಂದಗಿಯ ತೊಗರಿ ಸೇರಿ ಆದ ದೇಹ ಇದು. ಬಾಗೇವಾಡಿಯದು ಅಂತ ಉಳಿದಿದ್ದದ್ದು ಹಲ್ಲಿನ ಮೇಲಿನ ಗಾಜಿನಂಥ ಪದರ ಒಂದೇ. ಅದರಲ್ಲೂ ಎರಡು ದವಡೆಹಲ್ಲು ಹೋದ ವರ್ಷ ಸಿಂದಗಿಯ ದವಾಖಾನೆಯಲ್ಲೇ ಕಿತ್ತು ಹೋಗಿದ್ದವು. ಪರಮಾಣುಗಳ ಲೆಕ್ಕದಲ್ಲಿ ‘ಮೂಲತಃ’ ಸರಿಯಾಗಿಯೇ ಇತ್ತು. ಮಾಸ್ತರರು ಅದರ ಕೆಳಗೆ ಒಂದು ಗೆರೆಯನ್ನೂ ಎಳೆದರು.

ಸಹಿಗೆ ಬಂದಗಿಸಾಬನ ಅಂಗಡಿಗೆ ಹೋದರು. ಅಂಗಡಿಯ ಬೋರ್ಡಿನ ಮೇಲೆ ‘ಚಡಚಣ ಟೇಲರ್ಸ್’ ಎಂದು ಬರೆದಿತ್ತು. ಬಂದಗಿಸಾಬನ ಅಜ್ಜ ಚಡಚಣದಿಂದ ಬಂದವನು. ಬಂದಗಿಸಾಬ ಆ ಊರನ್ನು ನೋಡಿದ್ದು ಎರಡು ಸಲ, ಎರಡೂ ಮದುವೆಗೆ.

ಅವನು ಕೊರಳಿನ ಟೇಪು ತೆಗೆಯದೆ ಹೇಳಿಕೆ ಓದಿದ. ಓದಿ ಹೇಳಿದ:

“ಅಲ್ರಿ ಮಾಸ್ತರ, ನಮಗ ಮೂರು ತಲಿಯಿಂದ ಚಡಚಣದವ್ರು ಅಂತಾರ. ನಾವೇನು ಅಳಾಕತ್ತೇವೇನು? ಗಡಿಭಾಗದ ಹೊಲಿಗಿ ಛಲೋ ಇರತೈತಿ ಅಂತ ನಾಕು ಗಿರಾಕಿ ಹೆಚ್ಚಿಗಿನ ಬರ್ತಾರ.”

ನನಗೆ ಗಿರಾಕಿ ಬೇಕಿಲ್ಲ, ಪಾಸ್‌ಪೋರ್ಟ್ ಬೇಕು ಎಂದರು ಮಾಸ್ತರರು. ಬಂದಗಿಸಾಬ ಒಳ್ಳೆಯವನು; ಸಹಿ ಹಾಕಿದ. ಅಷ್ಟಕ್ಕೇ ನಿಲ್ಲದೆ, ಇನ್ನೂ ಗಟ್ಟಿಯಾಗಲಿ ಎಂದು ತನ್ನ ಕೈಯಾರೆ ಒಂದು ಸಾಲು ಸೇರಿಸಿದ: ‘ಇವರನ್ನು ನಾನು ಸಣ್ಣಂದಿನಿಂದ ನೋಡುತ್ತ ಬಂದಿದ್ದೇನೆ.’ ನಾನು ಇಲ್ಲಿಗೆ ಬಂದಾಗ ಇಪ್ಪತ್ತೆಂಟು ವರ್ಷದವನಿದ್ದೆ ಎಂದು ಮಾಸ್ತರರು ತಕರಾರು ತೆಗೆದರು. ಆಗ ನೀವು ಭಾಳ ಸಣ್ಣ ಇದ್ರಿ, ನಡುವಿನ ಅಳತಿ ನನ್ನ ಪುಸ್ತಕದಾಗ ಐತಿ ಎಂದು ಬಂದಗಿಸಾಬ ಸಮಾಧಾನ ಹೇಳಿದ. ಹೊತ್ತು ಹತ್ತು ದಾಟಿತ್ತು. ಮಾಸ್ತರರು ಅದನ್ನೇ ಬಾಂಡ್ ಪೇಪರಿನ ಮೇಲೆ ಟೈಪ್ ಮಾಡಿಸಿ, ಇನ್ನೊಮ್ಮೆ ಸಹಿ ಹಾಕಿಸಿ, ನೋಟರಿಯ ಸಿಕ್ಕಾ ಒತ್ತಿಸಿದರು.

ಇಷ್ಟು ಸಾಕಾಗಿತ್ತು. ಆದರೆ ಪದಬಂಧದವರ ತಲೆ ಇಷ್ಟಕ್ಕೆ ಒಪ್ಪುವುದಿಲ್ಲ. ಎಡದಿಂದ ಬಲಕ್ಕೆ ಹೊಂದಿದ ಅಕ್ಷರ ಮೇಲಿನಿಂದ ಕೆಳಕ್ಕೂ ಹೊಂದಬೇಕು. ಸಿಂದಗಿ ‘ನಮ್ಮವರು’ ಅಂದರೆ ಸಾಲದು; ಬಾಗೇವಾಡಿ ‘ನಮ್ಮವರಲ್ಲ’ ಅನ್ನಬೇಕು. ಮಾಸ್ತರರು ಬಸ್ಸು ಹತ್ತಿದರು.

ಕಂಡಕ್ಟರ್ ಅವರ ಹಳೆಯ ವಿದ್ಯಾರ್ಥಿ. ಟಿಕೆಟು ಹರಿಯುತ್ತ ಪ್ರೀತಿಯಿಂದ, “ಏನ್ ಸರ, ಊರಿಗೆ ಹೊಂಟ್ರೇನ್ರಿ?” ಎಂದ. ಮಾಸ್ತರರು ದೇವರ ಹಿಪ್ಪರಗಿ ಬರುವವರೆಗೆ ಅವನೊಂದಿಗೆ ಮಾತಾಡಲಿಲ್ಲ. ಅಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಪ್ರಯಾಣ ಮಾಡಿ, ಒಂದು ಗಂಟೆಗೆ ಬಾಗೇವಾಡಿಯಲ್ಲಿ ಇಳಿದರು. ಬರುವಾಗ ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧ ಮಾಡಿಕೊಂಡಿದ್ದರು. ದೊಡ್ಡಪ್ಪನ ಮಗ ಗುರಪ್ಪ ಬೀಜ-ಗೊಬ್ಬರದ ಅಂಗಡಿಯವನು, ಒಂದು ಅವಧಿಗೆ ಪುರಸಭೆ ಸದಸ್ಯನಾಗಿದ್ದವನು. ಲೆಟರ್‌ಹೆಡ್ಡು ಇನ್ನೂ ಮುಗಿದಿರಲಿಲ್ಲ. ರಕ್ತ ಹಂಚಿಕೊಂಡ ತಮ್ಮನನ್ನು ನಮ್ಮೂರವನಲ್ಲ ಎಂದು ಬರೆದುಕೊಡು ಅಂದರೆ ಅವನ ಮನಸ್ಸಿಗೆ ನೋವಾಗುತ್ತದೆ, ಅದನ್ನು ನಾಜೂಕಾಗಿ ಹೇಳಬೇಕು ಎಂದು ಮಾಸ್ತರರು ಮೂರು ರೀತಿಯಲ್ಲಿ ಆರಂಭ ಯೋಚಿಸಿದ್ದರು.

ಗುರಪ್ಪ ಅವರನ್ನು ನೋಡಿ ಫೋನ್ ತೆಗೆದು ಮನೆಗೆ ಹೇಳಿದ: “ಸಿಂದಗಿ ಮಂದಿ ಬಂದಾರ. ನಾಕು ಕಪ್ಪು ಚಹಾ ಕಳಸು.”

ಮಾಸ್ತರರು ಮೊದಲ ಆರಂಭವನ್ನು ಅರ್ಧ ಹೇಳುವಷ್ಟರಲ್ಲಿ ಗುರಪ್ಪನ ಕೈಗೆ ಲೆಟರ್‌ಹೆಡ್ಡು ಬಂದಿತ್ತು.

“ನೀನು ನಮ್ಮೂರವಲ್ಲ ಅನ್ನೂದು ಇಡೀ ಗಲ್ಲಿಗೆ ಗೊತ್ತೈತಿ ತಮ್ಮಾ. ಬರಿಯಾಕ ಏನು ತೊಂದ್ರಿ? ಹೇಳು, ಹೆಂಗ ಬರೀಲಿ?”

ಹೇಗೆ ಬರೆಯಬೇಕೆಂದು ಮಾಸ್ತರರು ಹೇಳುವ ಅಗತ್ಯವೂ ಬೀಳಲಿಲ್ಲ. ಗುರಪ್ಪ ತಾನೇ ಬರೆದ. ಸದರಿ ಸಿದ್ದಾರೂಢ ಇವರು ನಮ್ಮ ಊರಿನವರು ಇರುವುದಿಲ್ಲ, ಇವರ ಹೆಸರಿನಲ್ಲಿ ಮನೆ, ಹೊಲ, ಮತ, ಪಡಿತರ ಯಾವುದೂ ಇರುವುದಿಲ್ಲ, ಇವರ ಯಾವ ದಾಖಲೆಯೂ ನಮ್ಮ ಊರಿನಲ್ಲಿ ದೊರೆಯುವುದಿಲ್ಲ. ಗೊಬ್ಬರದ ರಸೀದಿ ಬರೆಯುವಷ್ಟೇ ಸಲೀಸಾಗಿ ಬರೆದು, ಸಿಕ್ಕಾ ಒತ್ತಿ, ಶಾಯಿ ಆರಲೆಂದು ಊದಿ ಕೊಟ್ಟ.

ಮಾಸ್ತರರು ಕಾಗದ ಹಿಡಿದು ಕುಳಿತರು. ಕೇಳಲು ಬಂದದ್ದು ಇದನ್ನೇ. ಸಿಕ್ಕದ್ದೂ ಇದೇ. ಆದರೂ ಅದನ್ನು ಮಡಚಿ ಕಿಸೆಗೆ ಹಾಕಲು ಮನಸ್ಸಾಗಲಿಲ್ಲ. ನಾನು ಕಲಿತ ಸಾಲೆಯಲ್ಲಾದರೂ ಹೆಸರಿರಬೇಕಲ್ಲ ಎಂದು ಮೆಲ್ಲಗೆ ಕೇಳಿದರು. ಆ ಸಾಲೆ ಬಿದ್ದು ಆರು ವರ್ಷ ಆಯಿತು, ಈಗ ಅಲ್ಲಿ ಮೊಬೈಲ್ ಅಂಗಡಿಗಳಿವೆ ಎಂದ ಗುರಪ್ಪ. ನಮ್ಮ ಅವ್ವ ಕೂಡುತ್ತಿದ್ದ ಕಟ್ಟೆ ಎಂದರು. ಅದು ರಸ್ತೆಗೆ ಹೋಯಿತು. ಮಾಸ್ತರರು ಚಹಾ ಕುಡಿದರು. ಇಬ್ಬರು ಗಿರಾಕಿಗಳು ಬಂದರು, ಗುರಪ್ಪ ಅವರಿಗೆ ಯೂರಿಯಾ ತೋರಿಸತೊಡಗಿದ. ಇಷ್ಟು ಬೇಗ ಕೈಬಿಡುವ ಊರಿನ ಸಲುವಾಗಿ ಇಪ್ಪತ್ತನಾಲ್ಕು ವರ್ಷ ತಾವು ಪರಊರವರೆನಿಸಿಕೊಂಡದ್ದು ನೆನೆದು, ಬೆಳಗಿನಿಂದ ಸಿಂದಗಿಯ ಮೇಲಿದ್ದ ಸಿಟ್ಟಿನಲ್ಲಿ ಅರ್ಧವನ್ನು ಅವರು ಬಾಗೇವಾಡಿಗೆ ವರ್ಗ ಮಾಡಿದರು.

ಬರುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮೊಬೈಲಿನಲ್ಲಿ ತರನ್ನುಮ ಕಳಿಸಿದ್ದ ಅಭ್ಯಾಸದ ಪದಬಂಧ ಇತ್ತು. ಅದನ್ನು ಹದಿನೆಂಟು ನಿಮಿಷದಲ್ಲಿ ಮುಗಿಸಿದರು. ಮನಸ್ಸು ತುಸು ಹಗುರಾಯಿತು. ಆರುನೂರು ಜನರ ಎದುರಿಗೆ ಗೋಡೆಯಷ್ಟು ದೊಡ್ಡ ಚೌಕಗಳ ಮುಂದೆ ನಿಂತ ತಮ್ಮ ಬೆನ್ನು ತಮಗೇ ಕಂಡಂತಾಯಿತು. ನಿರೂಪಣೆ ಮಾಡುವವರು ಏನೆಂದು ಕರೆಯಬಹುದು? ಸಿಂದಗಿಯ ಸಿದ್ದಾರೂಢ. ಸ ಕಾರಕ್ಕೆ ಸ ಕಾರ, ಕೇಳಲಿಕ್ಕೂ ಛಲೋ ಇತ್ತು.

ಸಿಂದಗಿಯಲ್ಲಿ ಇಳಿದಾಗ ನಾಲ್ಕೂಕಾಲು. ನೇರ ಮನೆಗೆ ಹೋಗಿದ್ದರೆ ಆಗಿತ್ತು. ಆದರೆ ಕೈಯಲ್ಲಿ ಕೊಟ್ಟ ಕಾಗದಕ್ಕೆ ಸಾಕ್ಷಿ ಏನು? ಮಾಸ್ತರರು ಎರಡೂ ಕಾಗದಗಳ ಝೆರಾಕ್ಸ್ ತೆಗೆಸಿ, ಮೇಲೊಂದು ಅರ್ಜಿ ಬರೆದು ಪೊಲೀಸ್ ಠಾಣೆಗೆ ಹೋದರು. ಅಲ್ಲಿ ಕುಳಿತವನು ಸಂಜೆ ಚೌಕಶಿಗೆ ಬರುವವರ ಕೈಗೇ ಕೊಡ್ರಿ ಎಂದ. ಮಾಸ್ತರರು ಒಪ್ಪಲಿಲ್ಲ. ಸರಕಾರಿ ಕಚೇರಿಯಲ್ಲಿ ಕಾಗದ ಕೊಡುವ ಪದ್ಧತಿ ಯಾವುದು ಎಂದು ಅವನಿಗೇ ಪಾಠ ಹೇಳಿ, ಪುಸ್ತಕದಲ್ಲಿ ಇನ್‌ವರ್ಡ್ ನಂಬರು ಹಾಕಿಸಿ, ತಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸಿಕ್ಕಾ ಒತ್ತಿಸಿಕೊಂಡರು. ಇವೆಲ್ಲ ಈ ಕಾಲದ ಹುಡುಗರಿಗೆ ಗೊತ್ತಿರುವುದಿಲ್ಲ.

ಐದಕ್ಕೆ ಸರಿಯಾಗಿ ಕಾನ್‌ಸ್ಟೆಬಲ್ ಇಸ್ಮಾಯಿಲ ಬೈಕಿನಲ್ಲಿ ಬಂದ. ಸಣ್ಣ ವಯಸ್ಸು, ಮೆತ್ತನ್ನ ಮಾತು. ಅವನು ಗಾಡಿಯ ಸ್ಟ್ಯಾಂಡ್ ಹಾಕುವ ಮೊದಲೇ ಇಂದುಬಾಯಿ ಕಟ್ಟೆ ಇಳಿದು ಬಂದು, ಕೊಟ್ಟ ಮಾತಿಗೆ ತಪ್ಪದೆ ಹೇಳಿದಳು:

“ಮುಂಜಾನೆ ನಾ ತಪ್ಪು ಹೇಳಿದ್ನಿ ಸಾಹೇಬ್ರ. ಮಾಸ್ತರು ಬಾಗೇವಾಡಿಯವ್ರಲ್ಲ. ಈ ಊರವ್ರ.”

ಮಾಸ್ತರರು ಹೆಮ್ಮೆಯಿಂದ ಕುರ್ಚಿ ಹಾಕಿದರು. ಭುವನೇಶ್ವರಿ ಚಹಾ ತಂದಳು. ಇಸ್ಮಾಯಿಲ ಚಹಾ ಮುಟ್ಟಲಿಲ್ಲ. ಫೈಲು ತೆರೆದು ಒಂದು ಹಾಳೆ ಮುಂದಿಟ್ಟ.

“ಇದು ಮುಂಜಾನೆ ಬರದ ವರದಿ ಸರ. ನಿಮ್ಮ ಒಂದು ಸಹಿ ಬಾಕಿ ಇತ್ತು, ಅಷ್ಟ. ಓದ್ರಿ.”

ಮಾಸ್ತರರು ಓದಿದರು. ಅರ್ಜಿದಾರರು ತಮ್ಮ ಅರ್ಜಿಯಲ್ಲಿ ಜನ್ಮಸ್ಥಳ ಬಸವನ ಬಾಗೇವಾಡಿ, ವಾಸ ಇಪ್ಪತ್ತನಾಲ್ಕು ವರ್ಷದಿಂದ ಸಿಂದಗಿ ಎಂದು ಬರೆದಿರುತ್ತಾರೆ. ನೆರೆಯವರಾದ ಇಂದುಬಾಯಿ ಇವರ ಹೇಳಿಕೆ ಇದಕ್ಕೆ ಪೂರ್ತಿ ಹೊಂದುತ್ತದೆ. ಪಾಸ್‌ಪೋರ್ಟ್ ಕೊಡಲು ಅಡ್ಡಿ ಇರುವುದಿಲ್ಲ.

ಮಾಸ್ತರರು ಇನ್ನೊಮ್ಮೆ ಓದಿದರು. ಅರ್ಜಿಯನ್ನು ತುಂಬಿದವರು ಅವರೇ. ಜನ್ಮಸ್ಥಳದ ಮುಂದೆ ಬಾಗೇವಾಡಿ ಎಂದು ದುಂಡಗೆ ಬರೆದವರೂ ಅವರೇ. ಇಂದುಬಾಯಿ ಅವರನ್ನು ಊರಿನಿಂದ ಹೊರಗೆ ಹಾಕಿರಲಿಲ್ಲ. ಅವರು ಬರೆದದ್ದನ್ನೇ ತನ್ನ ಬಾಯಿಂದ ಹೇಳಿದ್ದಳು.

ಇಸ್ಮಾಯಿಲ ಇನ್ನೆರಡು ಕಾಗದಗಳನ್ನು ಅದರ ಪಕ್ಕದಲ್ಲಿ ಇಟ್ಟ. “ಬರೂಮುಂದ ಠಾಣೆದಾಗ ಇವನ್ನ ಕೈಗೆ ಕೊಟ್ರು. ಬಾಗೇವಾಡಿಯವ್ರು ನಮ್ಮವರಲ್ಲ, ದಾಖಲೇನ ಇಲ್ಲ ಅಂತಾರ. ಇಲ್ಲಿ ಮೂಲತಃ ಸಿಂದಗಿ, ಸಣ್ಣಂದಿನಿಂದ ನೋಡೇನಿ ಅಂತ ಬಾಂಡಿನ ಮ್ಯಾಲ ಐತಿ. ಅರ್ಜಿದಾಗ ಹುಟ್ಟಿದ್ದು ಬಾಗೇವಾಡಿ ಅಂತೀರಿ. ನಾ ಯಾವುದನ್ನ ಖರೇ ಅನ್ಲಿ?”

ಅವನ್ನು ಹಿಂದಕ್ಕೆ ಕೊಟ್ಟುಬಿಡು ಎಂದರು ಮಾಸ್ತರರು. ಇನ್‌ವರ್ಡ್ ನಂಬರು ಬಿದ್ದ ಕಾಗದ ಹಿಂದಕ್ಕೆ ಬರುವುದಿಲ್ಲ ಎಂದ ಇಸ್ಮಾಯಿಲ. ನಂಬರು ಹಾಕಿಸಿದ್ದು ಯಾರು ಎಂದು ಕೇಳುವಷ್ಟು ಕಠೋರ ಅವನಾಗಿರಲಿಲ್ಲ. ಹೀಗೇ ಕಳಿಸಿದರೆ ಫೈಲು ಬಾಗೇವಾಡಿ ಠಾಣೆಗೆ ಹೋಗುತ್ತದೆ, ಅಲ್ಲಿಂದ ಬರಲು ಒಂದೂವರೆ ತಿಂಗಳು. ಮಾಸ್ತರರಿಗೆ ಒಂಬತ್ತನೆಯವನು ಎಲ್ಲೋ ಕುಳಿತು ಪೆಟ್ಟಿಗೆ ತುಂಬುವುದು ಕಣ್ಣಿಗೆ ಕಟ್ಟಿತು.

“ಬ್ಯಾರೆ ದಾರಿ ಇಲ್ಲೇನಪಾ?”

ಇಸ್ಮಾಯಿಲ ಕತ್ತು ತುರಿಸಿಕೊಂಡ. ಬಂದಗಿಸಾಬ ಮತ್ತು ಗುರಪ್ಪ ಬರೆದದ್ದು ಅವರವರ ಅಭಿಪ್ರಾಯ ಎಂದು ಷರಾ ಹಾಕಬಹುದು. ಆದರೆ ಚೌಕಶಿಯ ಮುಖ್ಯ ಸಾಕ್ಷಿ ಇಂದುಬಾಯಿ. ಅವರು ಈಗ ಎಲ್ಲರೆದುರಿಗೆ ಮಾತು ತಿರುಗಿಸಿದರು. ಮುಂಜಾನೆ ಹೇಳಿದ್ದೇ ಖರೆ ಎಂದು ಇನ್ನೊಮ್ಮೆ ಹೇಳಿ ಸಹಿ ಮಾಡಿದರೆ, ನಾಳೆ ಸಾಹೇಬರ ಮುಂದೆ ತಾನೇ ಇಟ್ಟು ಕೈಮುಗಿಯುತ್ತೇನೆ ಎಂದ.

ಮಾಸ್ತರರು ರಸ್ತೆ ದಾಟಿದರು. ಅವರ ಇಡೀ ಮೂವತ್ತು ವರ್ಷ ಈಗ ಆ ಕಟ್ಟೆಯ ಮೇಲೆ ಕುಳಿತಿತ್ತು.

“ಅಕ್ಕಾರ, ಮುಂಜಾನೆ ಹೇಳಿದ್ರಲ್ಲ, ಅದನ್ನ ಇನ್ನೊಮ್ಮಿ ಹೇಳ್ರಿ. ನಾನು ಬಾಗೇವಾಡಿಯವ ಅಂತ. ಅಷ್ಟ ಸಾಕು.”

ಇಂದುಬಾಯಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೆಳಗಿನ ಕಾಲು ತಾಸಿನ ಉಪನ್ಯಾಸದ ಒಂದೊಂದು ಮಾತೂ ಅವಳ ಮುಖದ ಮೇಲೆ ಹಾದುಹೋಯಿತು.

“ಬಾಗೇವಾಡಿಯವ್ರು ಅಂದ್ರ ಸಿಟ್ಟಿಗೇಳ್ತೀರಿ. ಸಿಂದಗಿಯವ್ರು ಅಂದ್ರ ಹಿಂಗ ಮಾರಿ ಸಣ್ಣ ಮಾಡ್ತೀರಿ. ನಾ ಸಾಲಿ ಕಲಿತಾಕಿ ಅಲ್ಲ ಮಾಸ್ತರ್ರ, ನಿಮ್ಮ ಲೆಕ್ಕ ನನಗ ಹರಿಯೂದಿಲ್ಲ.”

ಅವಳು ಸೆರಗು ಸರಿಮಾಡಿಕೊಂಡು ಇಸ್ಮಾಯಿಲನ ಕಡೆಗೆ ತಿರುಗಿದಳು.

“ಬರಕೋರಿ ಸಾಹೇಬ್ರ. ಇವ್ರು ಯಾರು, ಎಲ್ಲಿಯವ್ರು, ನನಗೇನೂ ಗೊತ್ತಿಲ್ರಿ.”

ಇಸ್ಮಾಯಿಲ ಒಂದು ಕ್ಷಣ ಮಾಸ್ತರರ ಮುಖ ನೋಡಿದ. ಆಮೇಲೆ ಅದನ್ನೂ ಬರೆದುಕೊಂಡು, ಸಹಿಗೆಂದು ಪೆನ್ನನ್ನು ಇಂದುಬಾಯಿಯ ಕೈಗೆ ಕೊಟ್ಟ.